ಅಂಗಿಯ ಮೇಲಿನ ಜರ್ಮನ್ ಶಬ್ದ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಮಂದಿ ಪಕ್ಕದವರ ಹೊಲ ನೋಡಿ, ಮನೆ ನೋಡಿ, ಹೊಸ ಕಾರು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಅದು ಲೋಕಕ್ಕೆ ಅರ್ಥವಾಗುತ್ತದೆ. ನಾನು ಉರಿಸಿಕೊಂಡದ್ದು ಒಂದು ಹಳೆಯ ಟೀ ಶರ್ಟಿನ ಸಲುವಾಗಿ. ಯಾವುದೋ ದೇಶದಲ್ಲಿ ಯಾರೋ ತೊಟ್ಟು ಸಾಕಾಗಿ ಬಿಟ್ಟದ್ದು, ಹಡಗು ಹತ್ತಿ ಬಂದು ನಿಪ್ಪಾಣಿ ಸಂತೆಯಲ್ಲಿ ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ರಾಶಿ ಬಿದ್ದದ್ದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ, ಅರವತ್ತೈದು ದಾಟಿದ ಮನುಷ್ಯ ಇಂಥದ್ದಕ್ಕೆ ಒಂದು ತಿಂಗಳು ಅನ್ನ ರುಚಿಸದೆ ಕೂತಿದ್ದ ಎಂದರೆ ನೀವು ನಗುತ್ತೀರಿ. ನಗಿರಿ, ನಾನು ಕಾಯುತ್ತೇನೆ.

ಆ ಅಂಗಿಗೆ ಮೊದಲು ಕೈ ಹಾಕಿದವನು ನಾನು. ಇದನ್ನು ಮೊದಲೇ ಹೇಳಿಬಿಡಬೇಕು. ಹಸಿರು ಬಣ್ಣ, ಎದೆಯ ಮೇಲೆ ಕಂಬಿ ಹಿಡಿದು ಜೋತುಬಿದ್ದ ಮನುಷ್ಯನ ಚಿತ್ರ, ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಇಂಗ್ಲಿಷ್ ಅಲ್ಲದ ಒಂದು ಉದ್ದನೆಯ ಶಬ್ದ. ಗುರುತಿಲ್ಲದ ಶಬ್ದ ಕಂಡರೆ ನನ್ನ ಕೈ ತಾನಾಗಿಯೇ ಚಾಚುತ್ತದೆ. ಅಂಗಿ ಎತ್ತಿ ಮೈಮೇಲೆ ಹಿಡಿದು ನೋಡಿಕೊಂಡೆ. ಮಾರುವವನು ನನ್ನ ಹೊಟ್ಟೆಯ ಹತ್ತಿರ ಕಣ್ಣು ನಿಲ್ಲಿಸಿ, "ಸರ್, ನಿಮಗ ಆಗೂದಿಲ್ರಿ. ಆ ಪೈಲ್ವಾನ ಕಾಕಾರಿಗೆ ಕೊಡ್ರಿ. ಅವರಿಗೆ ಅಳತಿ ತಗೊಂಡ ಹೊಲದಂಗ ಐತಿ" ಎಂದ.

ಪೈಲ್ವಾನ ಕಾಕಾ ಎಂದರೆ ನನ್ನ ಪಕ್ಕದಲ್ಲಿ ನಿಂತಿದ್ದ ಬಾಬಾಲಾಲ. ನನ್ನ ಬಾಲ್ಯದ ಗೆಳೆಯ, ಒಂದೇ ಗಲ್ಲಿಯವನು, ನನಗಿಂತ ಆರು ತಿಂಗಳು ದೊಡ್ಡವನು. ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಗೆ ಅವನ ಲೇಥ್ ಅಂಗಡಿ ಇದೆ. ಕಬ್ಬಿನ ಗಾಣದ ರೋಲು, ಟ್ರ್ಯಾಕ್ಟರಿನ ಬುಷ್, ಪಂಪಿನ ಶಾಫ್ಟು, ಏನೇ ಸವೆದರೂ ಸುತ್ತಲಿನ ರೈತರು ಅವನ ಬಾಗಿಲಿಗೆ ಹೊತ್ತು ತರುತ್ತಾರೆ. ಇಪ್ಪತ್ತರ ಪ್ರಾಯದಲ್ಲಿ ಕುಸ್ತಿ ಹಿಡಿದ ಮೈ ಅರವತ್ತಾರಕ್ಕೂ ಹಾಗೇ ಇದೆ. ಅಂಗಿಯನ್ನು ಅಲ್ಲೇ ಬನಿಯನ್ನಿನ ಮೇಲೆ ಏರಿಸಿದ. ಎದೆಯ ಮೇಲಿನ ಶಬ್ದ ಒಂದು ಸುಕ್ಕೂ ಇಲ್ಲದೆ ಹರಡಿಕೊಂಡಿತು. ನನ್ನ ಮೈಮೇಲಾಗಿದ್ದರೆ ನಡುವಿನ ಮೂರು ಅಕ್ಷರ ಮಡಿಕೆಯಲ್ಲಿ ಮುಚ್ಚಿಹೋಗುತ್ತಿದ್ದವು.

ಹೋಗಲಿ, ಅಂಗಿ ಅವನದಾಯಿತು. ಶಬ್ದವಾದರೂ ನನ್ನದಾಗಿ ಉಳಿಯಲಿ ಎಂದುಕೊಂಡೆ. ಬಾಬಾಲಾಲನ ಹತ್ತಿರ ಇಲ್ಲದ್ದು ಎಂದು ನನ್ನ ಹತ್ತಿರ ಇದ್ದದ್ದು ಅದೊಂದೇ. ಯಾವ ಶಬ್ದ ಎಲ್ಲಿಂದ ಬಂತು, ದಾರಿಯಲ್ಲಿ ಯಾರ ಮನೆಯಲ್ಲಿ ಉಂಡಿತು, ಎಲ್ಲಿ ಬಟ್ಟೆ ಬದಲಿಸಿತು ಎಂದು ಹುಡುಕುವುದು ನನ್ನ ಚಟ. ಊರಲ್ಲಿ ಯಾರಿಗಾದರೂ ಶಬ್ದದ ಸಂಶಯ ಬಂದರೆ "ಬಾಳಪ್ಪ ಮಾಸ್ತರ್ರನ್ನ ಕೇಳ್ರಿ" ಎನ್ನುತ್ತಾರೆ. ವರ್ಷಕ್ಕೆ ಇಬ್ಬರಿಗೆ ಬರುತ್ತದೆ.

ಮೂರು ದಿನ ಕಳೆದು ಆ ಸಂಶಯ ಬಾಬಾಲಾಲನಿಗೇ ಬಂತು. ಅಷ್ಟರಲ್ಲಿ ಅಂಗಿಯ ಶಬ್ದದ ಅರ್ಥವನ್ನಷ್ಟೇ ನಾನು ನೋಡಿಟ್ಟುಕೊಂಡಿದ್ದೆ. ನಾನು ಅಂಗಡಿಗೆ ಹೋದಾಗ ಅದೇ ಅಂಗಿ ತೊಟ್ಟು ಲೇಥಿನ ಮುಂದೆ ನಿಂತಿದ್ದ. ಯಂತ್ರ ನಿಲ್ಲಿಸಿ ಕೇಳಿದ.

"ಬಾಳ್ಯಾ, ಇದರಾಗ ಏನ ಬರದೈತಿ ಹೇಳಪಾ. ದಿನಾ ಹತ್ತ ಮಂದಿ ಕೇಳಾಕತ್ತಾರ."

"ಟುರ್ನ್‌ಫೆರೈನ್," ಎಂದು ಗಂಟಲು ಸರಿಮಾಡಿಕೊಂಡೆ. "ಜರ್ಮನಿಯವರ ಮಾತು. ಮೈ ಬೆಳಸವ್ರ ಸಂಘ. ಅವರ ತಾಲೀಮು ಅಂತ ತಿಳ್ಕೊ."

"ಹೌದಾ? ಮತ್ತ ಮುಂದ ಟರ್ನ್ ಅಂತ ಐತೆಲ್ಲ? ನಮ್ಮ ಟರ್ನಿಂಗಿಗೂ ಇದಕ್ಕೂ ಏನರ ಸಂಬಂಧ ಐತೇನ?"

ಲೇಥಿನ ಮೇಲೆ ಕಬ್ಬಿಣವನ್ನೋ ಕಟ್ಟಿಗೆಯನ್ನೋ ತಿರುಗಿಸುತ್ತ ಹೆರೆದು ದುಂಡಗೆ ಮಾಡುವುದಕ್ಕೆ ಟರ್ನಿಂಗ್ ಎನ್ನುತ್ತಾರೆ. ಅವನು ಅದನ್ನೇ ನಲವತ್ತು ವರ್ಷ ಮಾಡಿದವನು. ನನಗೆ ಮಾತ್ರ ರೇಗಿತು. ಅಂಗಿಯೂ ಇವನದು, ಮೈಯೂ ಇವನದು, ಈಗ ಶಬ್ದಕ್ಕೂ ಕೈ ಹಚ್ಚುತ್ತಿದ್ದಾನೆ!

"ಏನೂ ಇಲ್ಲ," ಎಂದೆ. "ಅಕ್ಷರ ಒಂದ ಥರಾ ಕಂಡ್ರ ಸಂಬಂಧ ಆಗತೈತೇನ? ಹಂಗ ನೋಡಿದ್ರ ಬಾಬಾಲಾಲಗೂ ಬಾಳಪ್ಪಗೂ ಸಂಬಂಧ ಹಚ್ಚಬೇಕಾಗತೈತಿ."

"ಐತೆಲ್ಲೋ ನಮ್ಮಿಬ್ಬರಿಗೆ ಸಂಬಂಧ," ಎಂದು ನಕ್ಕು ಮತ್ತೆ ಯಂತ್ರ ಚಾಲು ಮಾಡಿದ.

ಸಂಜೆ ಮನೆಗೆ ಬಂದು, ಹಿಂದೊಮ್ಮೆ ಬೆಳಗಾವಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ದಪ್ಪ ಜರ್ಮನ್ ನಿಘಂಟು ಇಳಿಸಿದೆ. ಸಂಶಯವಿತ್ತೆಂದು ಅಲ್ಲ, ಹೇಳಿದ್ದನ್ನು ಒಮ್ಮೆ ಗಟ್ಟಿ ಮಾಡಿಕೊಳ್ಳೋಣವೆಂದು. ಜರ್ಮನರಿಗೆ ಎರಡು ಮೂರು ಶಬ್ದ ಹಿಡಿದು ಒಂದಕ್ಕೊಂದು ಪೋಣಿಸುವ ಖಯಾಲಿ. ಬಿಡಿಸಿದರೆ ಒಳಗಿನದು ಕಾಣುತ್ತದೆ. ಕೊನೆಯ ಭಾಗ ಸುಲಭವಾಗಿತ್ತು. ಐನ್ ಎಂದರೆ ಒಂದು. ಬೇರೆ ಬೇರೆ ಇದ್ದವರು ಒಂದಾದರೆ ಅದು ಫೆರೈನ್, ಕೂಟ. ಮೊದಲಿನ ಭಾಗಕ್ಕೆ ಬಂದೆ. ಅಂಗಸಾಧನೆಗೆ ಆ ಶಬ್ದವನ್ನು ಚಾಲ್ತಿಗೆ ತಂದ ಗೃಹಸ್ಥ ಅದು ತನ್ನ ನಾಡಿನ ಅಪ್ಪಟ ಧಾತು ಎಂದೇ ನಂಬಿದ್ದನಂತೆ. ಪರಭಾಷೆಯ ಸೋಂಕಿಲ್ಲದ್ದು ಎಂದು ಆರಿಸಿದ್ದನಂತೆ. ನನಗೆ ಆ ಮನುಷ್ಯ ಬಹಳ ಹಿಡಿಸಿದ. ಆದರೆ ಅವನ ನಂಬಿಕೆ ತಪ್ಪಾಗಿತ್ತು. ಶಬ್ದ ಬಂದದ್ದು ಲ್ಯಾಟಿನ್ನಿನಿಂದ, ಅಲ್ಲಿಗೆ ಗ್ರೀಕಿನಿಂದ. ಮೂಲದ ಅರ್ಥ ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಲೇಥಿನ ಮೇಲೆ ತಿರುಗಿಸಿ ದುಂಡಗೆ ಮಾಡು.

ಇಂಗ್ಲಿಷಿನ ಟರ್ನ್ ಕೂಡ ಅದೇ ಬೇರಿನದು. ಬಾಬಾಲಾಲ ನೋಡಿದೊಡನೆ ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಬರೀ ತಪ್ಪಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಜರ್ಮನಿಯ ತಾಲೀಮುಗಳಿಗೆಲ್ಲ ಹೆಸರು ಕೊಟ್ಟದ್ದು ಇವನ ಕಸುಬು ಎಂದಾಯಿತಲ್ಲ! ಕುಸ್ತಿಯೂ ಇವನದು, ಲೇಥೂ ಇವನದು, ಎರಡೂ ಕೂಡುವ ಶಬ್ದವೂ ಇವನ ಎದೆಯ ಮೇಲೇ ಬಂದು ಕೂತಿದೆ. ನಿಘಂಟು ಮುಚ್ಚಿ ಮೇಲಿನ ಶೆಲ್ಫಿನಲ್ಲಿ ಹಿಂದಕ್ಕೆ ತಳ್ಳಿದೆ.

ನೀವು ಕೇಳಬಹುದು, ಒಬ್ಬ ಲೇಥಿನವನ ಮೇಲೆ ಇಷ್ಟೇಕೆ ಉರಿ ಎಂದು. ಅದಕ್ಕೆ ನನ್ನ ಹನ್ನೆರಡನೆಯ ವರ್ಷಕ್ಕೆ ಹೋಗಬೇಕು. ನಮ್ಮ ಗಲ್ಲಿಯ ತುದಿಗೆ ತಾಲೀಮು ಇತ್ತು, ಈಗಲೂ ಇದೆ. ತೆಂಕಣ ಕಡೆಯವರು ಗರಡಿಮನೆ ಎನ್ನುತ್ತಾರೆ. ಮೈಸೂರಿನಿಂದ ವರ್ಗವಾಗಿ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ "ನಾಳೆ ತಾಲೀಮಿನ ಹತ್ತಿರ ಸಿಗೋಣ" ಎಂದರೆ, ಯಾವ ನಾಟಕದ್ದು ಎಂದು ಕೇಳಿದ್ದರು. ತಾಲೀಮು ಅರಬಿಯಿಂದ ಬಂದ ಮಾತು, ಕಲಿಕೆ ಎಂದರ್ಥ. ಕಲಿಸುವವನು ವಸ್ತಾದ, ಅದು ಪಾರಸಿಯ ಉಸ್ತಾದ, ಮರಾಠಿಯ ಅಂಗಳದಲ್ಲಿ ಆಡಿ ಬಂದದ್ದು. ಒಳಗೆ ಮೂಲೆಯಲ್ಲಿ ಹನುಮಪ್ಪ. ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಯಾವ ಭಾಷೆಯಲ್ಲಿ ಬೈಸಿಕೊಳ್ಳುತ್ತಿದ್ದರೋ ಆ ಭಾಷೆಯಲ್ಲೇ ಕಲಿಯುತ್ತಿದ್ದರು. ಆ ಜರ್ಮನ್ ಗೃಹಸ್ಥ ಅಪ್ಪಟ ಶಬ್ದ ಹುಡುಕುತ್ತ ನಮ್ಮ ಗಲ್ಲಿಗೆ ಬಂದಿದ್ದರೆ ಬರಿಗೈಯಲ್ಲಿ ವಾಪಸು ಹೋಗಬೇಕಾಗುತ್ತಿತ್ತು.

ಬಾಬಾಲಾಲ ಒಂದು ವರ್ಷದಿಂದ ಹೋಗುತ್ತಿದ್ದ. ಅವನ ತೊಡೆ ನೋಡಿ ನಮ್ಮವ್ವ ನನಗೆ ಹಾಲಿನ ಲೋಟ ಕೊಡುವಾಗಲೆಲ್ಲ "ಆ ಹುಡುಗನ್ನ ನೋಡು, ಹೆಂಗ ಕಲ್ಲಗುಂಡ ಆಗ್ಯಾನ" ಎನ್ನುತ್ತಿದ್ದಳು. ತಾಳಲಾರದೆ ನಾನೂ ಸೇರಿದೆ. ಮೊದಲ ದಿನ ಕೆಂಪು ಮಣ್ಣು ಸಡಿಲಿಸಿದೆ. ಎರಡನೆಯ ದಿನ ಕೂತು ಎದ್ದು ಬೈಠಕು ಹೊಡೆದೆ. ಮೂರನೆಯ ದಿನ ಮೆಟ್ಟಿಲು ಇಳಿಯಲಾರದೆ ಕೂತು ಇಳಿದೆ. ನಾಲ್ಕನೆಯ ದಿನ ವಸ್ತಾದ ನನ್ನನ್ನು ಕಣಕ್ಕೆ ಬಿಟ್ಟು, "ಬಾಬಾಲಾಲ, ಇವನ ಜೋಡಿ ಹಿಡಿ" ಎಂದ.

ಹಿಡಿದೆವು. ನಾನು ಅವನ ಕಾಲಿಗೆ ಕೈ ಹಾಕಿ ಎಳೆದೆ. ಏನಾಶ್ಚರ್ಯ, ಅವನು ವಾಲಿದ! ತಳ್ಳಿದೆ, ಬಿದ್ದ. ಎರಡೂ ಭುಜ ಮಣ್ಣಿಗೆ ತಾಗಿ ಅಂಗಾತ ಮಲಗಿದ, ಎದೆಯ ಮೇಲೆ ನಾನು. ಕೆಳಗಿನಿಂದ ನನ್ನನ್ನೇ ನೋಡುತ್ತ ಅವನು ಸಣ್ಣಗೆ ನಗುತ್ತಿದ್ದ. ನಾನು ಆ ನಗೆಯ ಅರ್ಥ ಕೇಳಲು ನಿಲ್ಲಲಿಲ್ಲ. ಲಂಗೋಟಿಯ ಮೇಲೆ ಚಡ್ಡಿ ಏರಿಸಿ ಮೈಯ ಮಣ್ಣನ್ನೂ ಒರೆಸಿಕೊಳ್ಳದೆ ಹೊರಗೆ ಓಡಿದೆ. ಚಹದ ಅಂಗಡಿ, ಹಿಟ್ಟಿನ ಗಿರಣಿ, ಸಾಲಿ, ಎಲ್ಲ ಕಡೆ ಸಾರಿದೆ. ಬಾಬಾಲಾಲನನ್ನು ನಾನು ಚಿತ್ ಮಾಡಿದೆ! ನಾಲ್ಕೇ ದಿನದಲ್ಲಿ!

ಸಂಜೆ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು ತಿಳಿಸಿದರು. "ಹುಚ್ಚಪ್ಪಾ, ಅದು ಮೈ ಕೊಡೂದು. ಹೊಸದಾಗಿ ಬಂದ ಹುಡುಗರಿಗೆ ಬಲ್ಲವ ಮೈ ಕೊಡತಾನ. ತಾ ಬಿದ್ದ ತೋರಸತಾನ. ಹಂಗ ಬಿದ್ದವನ ಮುಂದ ಮಣ್ಣ ಮುಟ್ಟಿ ಹಣಿಗೆ ಹಚ್ಚಕೊಂಡು ಹೊರಗ ಬರಬೇಕ. ನೀ ಊರೆಲ್ಲಾ ಡಂಗುರಾ ಹೊಡದ ಬಂದಿ!" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹಿಟ್ಟು ಬೀಸಲು ಬಂದ ಹೆಂಗಸರೂ ನಕ್ಕರು.

ಸೋತಿದ್ದರೆ ಐದನೆಯ ದಿನ ಹೋಗುತ್ತಿದ್ದೆ. ಗೆಲ್ಲಿಸಿಕೊಂಡು ಹೇಗೆ ಹೋಗಲಿ? ಜ್ವರ ಎಂದೆ, ಕಾಲು ಉಳುಕಿದೆ ಎಂದೆ, ಆಮೇಲೆ ಓದು ಎಂದೆ. ಓದು ಮುಗಿಯಲೇ ಇಲ್ಲ.

ಅಲ್ಲಿಂದ ಶುರುವಾದದ್ದು. ಬಾಬಾಲಾಲ ಐಗಳಿಯ ಕಣದಲ್ಲಿ ಬೆಳ್ಳಿ ಕಡಗ ಗೆದ್ದು ಬಂದಾಗ ನಾನು ಡಿಗ್ರಿ ಪಾಸಾಗಿದ್ದೆ. ಗಲ್ಲಿಯಲ್ಲಿ ಹಲಗೆ ಬಾರಿಸಿದ್ದು ಕಡಗಕ್ಕೆ. ನನ್ನ ಮದುವೆಯ ದಿನ ಹೆಣ್ಣಿನ ಕಡೆಯ ಮುದುಕಿಯೊಬ್ಬಳು, ಮಂಟಪಕ್ಕೆ ನೀರಿನ ಹಂಡೆ ಒಬ್ಬನೇ ಎತ್ತಿ ತರುತ್ತಿದ್ದ ಅವನನ್ನು ತೋರಿಸಿ "ವರಾ ಇವನ ಏನ?" ಎಂದು ಕೇಳಿದ್ದು ಇಂದಿಗೂ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನೆನಪಾಗುತ್ತದೆ. ನೆನಪು ಮಾಡುವವಳು ನನ್ನ ಹೆಂಡತಿ. ಮುಗಳಖೋಡದ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಕಲಿಸಿದೆ. ಈಗ ಅಲ್ಲಿಗೆ ಹೋದರೆ ನನ್ನ ಹಳೆಯ ವಿದ್ಯಾರ್ಥಿಗಳು ಓಡಿ ಬಂದು ಕಾಲು ಮುಟ್ಟಿ ಕೇಳುವುದು, "ಸರ್, ಬಾಬಾಲಾಲ ಕಾಕಾ ಅಂಗಡ್ಯಾಗ ಇದ್ದಾರೇನ್ರಿ? ಒಂದ ಶಾಫ್ಟ್ ಮುರದೈತಿ."

ಈ ಎಲ್ಲದರ ಎದುರು ನನ್ನ ಪಾಲಿಗೆ ಉಳಿದದ್ದು ಶಬ್ದಗಳು. ಅದರಲ್ಲೂ ಒಂದು ಅವನ ಕಡೆಗೆ ತಿರುಗಿಬಿದ್ದರೆ ಮನುಷ್ಯ ಎಲ್ಲಿಗೆ ಹೋಗಬೇಕು? ನಾನು ಹೇಳಲಿಲ್ಲ. ದಿನವೂ ಅಂಗಡಿಯ ಮುಂದೆ ಹೋಗುತ್ತಿದ್ದೆ, ಚಹ ಕುಡಿಯುತ್ತಿದ್ದೆ, ಆ ಹಸಿರು ಅಂಗಿ ಕಣ್ಣಿಗೆ ಚುಚ್ಚುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಗಿರಾಕಿಗಳು ಕೇಳಿದರೆ ಅವನು "ನಮ್ಮ ಮಾಸ್ತರ ಹೇಳ್ಯಾನ, ಜರ್ಮನಿ ತಾಲೀಮಂತ. ಟರ್ನಿಂಗಿಗೂ ಅದಕ್ಕೂ ಸಂಬಂಧ ಇಲ್ಲಂತ" ಎಂದು ನನ್ನ ಸುಳ್ಳನ್ನೇ ನಂಬಿಕೆಯಿಂದ ಹಂಚುತ್ತಿದ್ದ. ರಾಯಬಾಗದವರೊಬ್ಬರು, ಕಬ್ಬೂರಿನವರೊಬ್ಬರು ಅದನ್ನು ಕಟ್ಟಿಕೊಂಡು ಹೋದರು. ಆ ತಪ್ಪು ಇಷ್ಟೊತ್ತಿಗೆ ಕಾಗವಾಡ ಮುಟ್ಟಿರಬಹುದು ಎಂದು ನನಗೆ ದಿಗಿಲು.

ಅಷ್ಟರಲ್ಲಿ ನನ್ನ ಬಲಗೈಯ ಹೆಗಲು ಹಿಡಿದುಕೊಂಡಿತು. ಡಾಕ್ಟರು ಕೈ ತಿರುಗಿಸುತ್ತಿರಿ ಎಂದರು. ಮೇಲಿನ ಶೆಲ್ಫಿನ ನಿಘಂಟು ತೆಗೆಯಲೂ ಕೈ ಏಳಲೊಲ್ಲದು. ನಿಘಂಟನ್ನು ಬಚ್ಚಿಟ್ಟದ್ದಕ್ಕೆ ಇದು ಶಿಕ್ಷೆ ಎಂದು ಯಾರಾದರೂ ಹೇಳಿದ್ದರೆ ಒಪ್ಪಿಕೊಳ್ಳುವ ಸ್ಥಿತಿಯಲ್ಲಿದ್ದೆ.

ತಾಲೀಮಿಗೆ ಈ ವರ್ಷ ಹೊಸ ಚಾವಣಿ ಹಾಕಿಸಿದರು. ಮಣ್ಣು ಬದಲಿಸುವ ದಿನ ಹಳೆಯವರನ್ನೆಲ್ಲ ಕರೆದರು. ಬಾಬಾಲಾಲನೇ ಈಗ ವಸ್ತಾದ. ಮನೆಗೆ ಬಂದು, "ನೀ ನಾಕ ಮಾತ ಆಡಬೇಕ. ತಾಲೀಮಿನ ಮ್ಯಾಲ, ಆ ಜರ್ಮನಿ ಶಬ್ದದ ಮ್ಯಾಲ. ಮಂದಿಗೆ ಬಾಳ ಖುಷಿ ಆಗತೈತಿ" ಎಂದ. ಒಪ್ಪಿಕೊಂಡೆ. ಎರಡು ಭಾಷಣ ಬರೆದೆ. ಒಂದರಲ್ಲಿ ಲೇಥ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಲೇಥ್ ಇಲ್ಲದ್ದನ್ನು ಮೇಲಿನ ಕಿಸೆಯಲ್ಲಿ, ಇದ್ದದ್ದನ್ನು ಕೆಳಗಿನದರಲ್ಲಿ ಇಟ್ಟುಕೊಂಡೆ.

ಮುಂಜಾನೆ ಹೋದಾಗ ಕಣದಲ್ಲಿ ಹೊಸ ಕೆಂಪು ಮಣ್ಣು ಬಿದ್ದಿತ್ತು. ಒಬ್ಬೊಬ್ಬರ ಮನೆಯಿಂದ ಒಂದೊಂದು ಬರುವುದು ರೂಢಿ. ಯಾರದೋ ಮಜ್ಜಿಗೆ, ಯಾರದೋ ಅರಿಷಿಣ, ಯಾರದೋ ಲಿಂಬೆ, ಯಾರದೋ ಎಣ್ಣೆ. ಎಲ್ಲ ಸುರಿದು ಕಾಲಲ್ಲಿ ತುಳಿದು ಕಲಸುತ್ತಿದ್ದರು. ಬಾಬಾಲಾಲನ ಮಗಳ ಮಗಳು ಆಯೇಶಾ, ಹತ್ತನೆಯ ಇಯತ್ತೆ, ಪ್ಯಾಂಟು ಮಡಚಿಕೊಂಡು ಹುಡುಗರ ಸಮ ತುಳಿಯುತ್ತಿದ್ದಳು. ಆಕೆಯೂ ಈಗ ಅಲ್ಲಿ ಕಲಿಯುತ್ತಾಳೆ. ನಾನು ಏನೂ ತಂದಿರಲಿಲ್ಲ. ನನ್ನನ್ನು ಯಾರೂ ಕೇಳಿಯೂ ಇರಲಿಲ್ಲ, ನಾನು ಅಲ್ಲಿಯವನಲ್ಲವಲ್ಲ. ಗೋಡೆಗೆ ಆತು ನಿಂತೆ, ಹನ್ನೆರಡನೆಯ ವರ್ಷದಿಂದಲೂ ಹಾಗೇ ನಿಂತವನಂತೆ.

ಬಾಬಾಲಾಲ ಕೈಯಲ್ಲಿ ಎರಡು ಸಣ್ಣ ಕರೆಲಾ ಹಿಡಿದು ಬಂದ. ಕರೆಲಾ ಎಂದರೆ ಹೆಗಲ ಸುತ್ತ ತಿರುಗಿಸುವ ಕಟ್ಟಿಗೆಯ ಗದೆ. ಗೋಡೆಗೆ ಸಾಲಾಗಿ ನಿಂತ ದೊಡ್ಡವೆಲ್ಲ ಅವನ ಲೇಥಿನ ಮೇಲೆ ಆದವೇ. ಇವು ಮಾತ್ರ ಹೊಸವು, ಮಕ್ಕಳ ಆಟಿಗೆಯಷ್ಟು ಹಗುರ.

"ತಗೋ. ಬೇವಿನ ಕಟಗಿ. ನಿನ್ನ ಹೆಗಲಿಗೆ ಅಂತ ಮಾಡೀನಿ. ದಿನಾ ಹತ್ತ ಸಲ ತಿರುಗಸು, ಹದಿನೈದ ದಿನದಾಗ ಸಡಲ ಆಗತೈತಿ."

"ನನ್ನ ಹೆಗಲಿನ ಸುದ್ದಿ ನಿನಗ್ಯಾರ ಹೇಳಿದ್ರು?"

"ಯಾರ್ಯಾಕ ಹೇಳಬೇಕು? ಎರಡ ವಾರದಿಂದ ಚಾದ ಕಪ್ಪ ಎಡಗೈಲೆ ಎತ್ತಾಕತ್ತಿಯಲ್ಲ."

ಕೈಗೆ ತೆಗೆದುಕೊಂಡೆ. ಹಿಡಿ ನನ್ನ ಬೆರಳಿಗೆ ಸರಿಯಾಗಿ ಕೂತಿತು. ಎಲ್ಲೂ ಒಂದು ಗೀರಿಲ್ಲ, ನುಣ್ಣಗೆ ದುಂಡಗಿತ್ತು. ತಿರುಗಿಸಿ ದುಂಡಗೆ ಮಾಡು. ನಿಘಂಟಿನ ಆ ಸಾಲು ಕೈಯಲ್ಲಿಯೇ ಇತ್ತು, ಇನ್ನು ಬಚ್ಚಿಡಲು ಶೆಲ್ಫು ಎಲ್ಲಿದೆ? ನಾಚಿಕೆಯಾಯಿತು. ಉರಿ ಹೋಗಿರಲಿಲ್ಲ, ಅದರ ಪಕ್ಕದಲ್ಲಿ ನಾಚಿಕೆ ಬಂದು ಕೂತಿತು, ಅಷ್ಟೇ.

ಮಾತಾಡಲು ನಿಂತಾಗ ಎರಡೂ ಕಾಗದ ಕಿಸೆಯಲ್ಲೇ ಬಿಟ್ಟೆ. ಹೇಳಿಬಿಟ್ಟೆ. "ಒಂದ ತಿಂಗಳ ಹಿಂದ ಬಾಬಾಲಾಲ ನನ್ನ ಕೇಳಿದ್ದ, ಈ ಶಬ್ದಕ್ಕೂ ಟರ್ನಿಂಗಿಗೂ ಸಂಬಂಧ ಐತೇನ ಅಂತ. ನಾ ಇಲ್ಲ ಅಂದೆ. ನಂದ ತಪ್ಪು. ಅಂದ ಸಂಜೀಕ ನನಗ ಗೊತ್ತಾತು, ಆದ್ರೂ ಹೇಳಲಿಲ್ಲ, ಅದೂ ನಂದ ತಪ್ಪು. ಈ ಶಬ್ದ ಹುಟ್ಟಿದ್ದ ಲೇಥಿನ ಮ್ಯಾಲ. ಮೈಯನ್ನ ತಿರುಗಿಸಿ ತಿರುಗಿಸಿ ದುಂಡಗ ಮಾಡವ್ರು, ಎಲ್ಲಾರೂ ಕೂಡಿ ಒಂದಾದವ್ರು. ಜರ್ಮನಿಯವರ ತಾಲೀಮಿನ ಹೆಸರಿನಾಗ ನಮ್ಮ ಬಾಬಾಲಾಲನ ಕಸಬ ಕುಂತೈತಿ."

ನಾನು ಹೆದರಿದ್ದು ಹಾಗೇ ನಡೆಯಿತು. ಚಪ್ಪಾಳೆ ಬಿತ್ತು, ಎಲ್ಲ ಅವನ ಕಡೆಗೆ. ನಾಲ್ಕು ಜನ ಹೋಗಿ ಅವನ ಬೆನ್ನು ತಟ್ಟಿದರು. ಅವನು ಕಣ್ಣರಳಿಸಿ "ಹೌದಾ? ಅಲಾ ಇವನ! ಲೇಥಿಂದ ಬಂದದ್ದಾ?" ಎಂದು ಮೊದಲ ಸಲ ಕೇಳಿದವನಂತೆ ಬೆರಗಾದ. ಇರಲಿ, ಎಂದುಕೊಂಡೆ. ಚಪ್ಪಾಳೆ ಅವನಿಗೆ ಹೋದರೆ ಹೋಗಲಿ, ಅದನ್ನು ಬಿಟ್ಟುಕೊಟ್ಟ ದೊಡ್ಡತನ ನನ್ನದು. ಜನ್ಮದಲ್ಲಿ ಒಮ್ಮೆ ನಾನು ಅವನಿಗೆ ಏನೋ ಕೊಟ್ಟೆ. ಎದೆ ಸ್ವಲ್ಪ ಉಬ್ಬಿತು ಕೂಡ.

ಆಗ ಮಣ್ಣಿನ ನಡುವಿನಿಂದ ಆಯೇಶಾ ಕೂಗಿದಳು. "ನಾನಾ, ಇದ ನಾ ನಿಮಗ ಅವತ್ತ ಫೋನಿನಾಗ ನೋಡಿ ಹೇಳಿದ್ನೆಲ್ಲ? ಅಂಗಿ ತಂದ ದಿನಾನ! ಮರತ ಹೋತೇನ್ರಿ?"

ಬಾಬಾಲಾಲ ಹುಬ್ಬು ಗಂಟಿಕ್ಕಿ ಅವಳಿಗೆ ಕಣ್ಣಲ್ಲೇ ಸುಮ್ಮನಿರು ಎಂದ. ತಡವಾಗಿತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ.

ಅಂಗಿ ತಂದ ದಿನವೇ. ಅಂದರೆ ಅಂಗಡಿಯಲ್ಲಿ ಯಂತ್ರ ನಿಲ್ಲಿಸಿ ನನ್ನನ್ನು ಕೇಳಿದಾಗ ಅವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೇ "ಏನರ ಸಂಬಂಧ ಐತೇನ?" ಎಂದು ಕಾಲು ಮುಂದೆ ಚಾಚಿದ್ದ, ನಾನು ಎಳೆಯಲಿ ಎಂದು. ನಾನು ಎಳೆಯದೆ ಇನ್ನೆತ್ತಲೋ ಬಿದ್ದೆ. ಒಂದು ತಿಂಗಳು ನನ್ನ ತಪ್ಪನ್ನು ತನ್ನ ಬಾಯಿಂದ ಊರಿಗೆ ಹೇಳುತ್ತ, ಚಹ ಕುಡಿಸುತ್ತ, ನನ್ನ ಎಡಗೈ ನೋಡುತ್ತ ಕಾದಿದ್ದ. ಮತ್ತೆ ಮೈ ಕೊಟ್ಟಿದ್ದ. ತಾನು ಕೆಳಗೆ ಮಲಗಿ ನನ್ನನ್ನು ಎದೆಯ ಮೇಲೆ ಕೂರಿಸಿಕೊಂಡಿದ್ದ. ಈಗಲೂ ಅದೇ ಸಣ್ಣ ನಗೆ.

ಕೊಟ್ಟೆ ಎಂದುಕೊಂಡಿದ್ದ ಆ ಒಂದೂ ನನಗೆ ದಕ್ಕಲಿಲ್ಲ ನೋಡಿ. ಹೊಟ್ಟೆಯೊಳಗೆ ಬೆಂಕಿ ಎದ್ದು ಕಿವಿಯ ತನಕ ಬಂತು. ಹೊರಗೆ ಬಾಗಿಲು ತೆರೆದೇ ಇತ್ತು. ಹನ್ನೆರಡು ವರ್ಷದ ಆ ಹುಡುಗನ ಕಾಲು ಅತ್ತ ಎರಡು ಹೆಜ್ಜೆ ಇಟ್ಟವು ಕೂಡ.

ಆಮೇಲೆ ಚಪ್ಪಲಿ ಬಿಟ್ಟೆ. ಕಣದ ಅಂಚಿಗೆ ಕೂತು ಮಣ್ಣು ಮುಟ್ಟಿದೆ. ಮಜ್ಜಿಗೆ, ಅರಿಷಿಣ, ಲಿಂಬೆ ಬೇರೆ ಬೇರೆ ತಿಳಿಯದಂತೆ ಕಲೆತಿದ್ದ ಮಣ್ಣು, ತಣ್ಣಗಿತ್ತು. ಬಲಗೈ ಹಣೆಯ ತನಕ ಏಳಲಿಲ್ಲ, ಹಣೆಯನ್ನೇ ಕೈಗೆ ಬಗ್ಗಿಸಿ ಹಚ್ಚಿಕೊಂಡೆ. ಯಾರೂ ನಗಲಿಲ್ಲ. ಬಾಬಾಲಾಲ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಾಕ ದಿನ ಆಗ್ಯಾವ," ಎಂದ. "ನಾಳೆ ಐದನೇ ದಿನ. ತಪ್ಪಸಬ್ಯಾಡ, ಬಾಳ್ಯಾ."

ದಿನಗಳನ್ನೂ ನೆನಪಿಟ್ಟಿದ್ದಾನೆ! ನೆನಪಿನ ಶಕ್ತಿಯೊಂದಾದರೂ ನನ್ನದು ಎಂದು ನಂಬಿದ್ದೆ, ಅದರಲ್ಲೂ ಇವನೇ ಮುಂದೆ. ಮೈಯೆಲ್ಲ ಉರಿಯುತ್ತಿರುವಂತೆಯೇ ಮನೆಗೆ ಬಂದು, ಎಡಗೈಯಿಂದ ಗಡಿಯಾರ ಎತ್ತಿಕೊಂಡು, ಐದು ಗಂಟೆಗೆ ಅಲಾರಂ ಇಟ್ಟೆ.